ಮೂಲೆಗೆ ಬಿದ್ದ ಹಳೆಯ ಜಾವಾ ಮೋಟಾರ್ ಸೈಕಲ್ಲನ್ನು ಮತ್ತೆ ಓಡಿಸುವ ಕ್ರಮ



ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಲ್ಲಿ ಕೆಲವರ ಮನೆಯ ಕೊಟ್ಟಿಗೆಯಲ್ಲಿ, ಮೇವಿನ ರಾಶಿಯ ಹಿಂದೆ, ಹಿರಿಯರು ಓಡಿಸುತ್ತಿದ್ದ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ ನಿಂತಿರುವುದುಂಟು. ಅದರ ಮೇಲೆ ಕೋಳಿ ಕೂರುತ್ತದೆ. ಹ್ಯಾಂಡಲ್ಲಿಗೆ ಹಗ್ಗ, ಕಣ್ಣಿ ತೂಗುಹಾಕಲಾಗುತ್ತದೆ. ಇಂತಹ ಗಾಡಿ ಎರಡು ರೀತಿಯಲ್ಲಿ ಹಾಳಾಗುತ್ತದೆ. ಗುಜರಿಯವನು ಬಂದು ಕಬ್ಬಿಣದ ತೂಕದ ಬೆಲೆಗೆ ಕೊಂಡೊಯ್ಯುವುದು ಒಂದು. ಮನೆಯ ಹುಡುಗರು ಉತ್ಸಾಹದಿಂದ ಹೊಸ ಪೆಟ್ರೋಲ್ ಸುರಿದು, ಹತ್ತಾರು ಕಿಕ್ ಹೊಡೆದು, ಉಳಿದಿದ್ದ ಜೀವವನ್ನೂ ಕಳೆಯುವುದು ಇನ್ನೊಂದು. ಈ ಪಾಠದಲ್ಲಿ ಮೂರನೆಯ ದಾರಿಯನ್ನು ತಿಳಿಸಲಾಗಿದೆ. ಇದನ್ನು ಕ್ರಮವಾಗಿ ಅನುಸರಿಸಿದರೆ ಗಾಡಿ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಗಾಡಿಯ ಹಿನ್ನೆಲೆ

ಜಾವಾ ಸಂಸ್ಥೆಯನ್ನು 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಎಂಬವರು ಆರಂಭಿಸಿದರು. ವಾಂಡರರ್ ಎಂಬ ಜರ್ಮನ್ ಗಾಡಿಯನ್ನು ತಯಾರಿಸುವ ಹಕ್ಕನ್ನು ಅವರು ಪಡೆದಿದ್ದರಿಂದ, ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಎಂಬ ಹೆಸರು ಬಂದಿತು. ನಮ್ಮ ನಾಡಿನಲ್ಲಿ ಈ ಗಾಡಿ ತಯಾರಾದದ್ದು ಮೈಸೂರಿನಲ್ಲಿ. ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ತಯಾರಿಕೆ ಆರಂಭಿಸಿತು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಿಂದ ಜಾವಾ ಎಂಬ ಹೆಸರಿನಲ್ಲಿ ಬೇರೊಂದು ಕಂಪನಿಯ ಹೊಸ ಗಾಡಿಗಳು ಬಂದಿವೆಯಾದರೂ, ಅವುಗಳ ಎಂಜಿನ್ನಿಗೂ ಹಳೆಯ ಎಂಜಿನ್ನಿಗೂ ಸಂಬಂಧವಿಲ್ಲ. ಆದುದರಿಂದ ಹೊಸ ಗಾಡಿಯ ಬಿಡಿಭಾಗ ಹಳೆಯದಕ್ಕೆ ಹೊಂದುತ್ತದೆಂದು ತಿಳಿಯಬಾರದು.

ಎಂಜಿನ್ ಕೆಲಸ ಮಾಡುವ ರೀತಿ

ದುರಸ್ತಿಗೆ ಮೊದಲು ಎಂಜಿನ್ನಿನ ಸ್ವಭಾವವನ್ನು ಅರಿಯುವುದು ಅಗತ್ಯ. ಬುಲೆಟ್ ಗಾಡಿಯದು ನಾಲ್ಕು ಹೊಡೆತದ ಎಂಜಿನ್; ಅದರ ಎಣ್ಣೆ ಬೇರೆ, ಪೆಟ್ರೋಲ್ ಬೇರೆ. ಹಳೆಯ ಜಾವಾ 250 ಗಾಡಿಯದು ಎರಡು ಹೊಡೆತದ ಎಂಜಿನ್. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಸಿಲಿಂಡರಿನ ಒಳ ಅಗಲ 65 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 75 ಮಿ.ಮೀ.

ಈ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗುತ್ತದೆ. ಪಿಸ್ಟನ್ ಕೆಳಗಿಳಿದಾಗ ಆ ಮಿಶ್ರಣವು ಒತ್ತಲ್ಪಟ್ಟು ಪಕ್ಕದ ದಾರಿಯಿಂದ ಮೇಲಕ್ಕೆ ಏರುತ್ತದೆ. ಅಲ್ಲಿ ಕಿಡಿ ತಗುಲಿ ಉರಿಯುತ್ತದೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ.

ಒಂದು: ಕ್ರ್ಯಾಂಕ್, ಬೇರಿಂಗ್, ಪಿಸ್ಟನ್ ಇವುಗಳಿಗೆ ಎಣ್ಣೆ ಮುಟ್ಟಿಸಲು ಬೇರೆ ಏರ್ಪಾಡು ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅವುಗಳ ಆಹಾರ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಸ್ವಲ್ಪ ದೂರದಲ್ಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಎರಡು: ಕ್ರ್ಯಾಂಕ್ ಕೋಣೆಯು ಗಾಳಿ ಸೋರದಂತೆ ಬಿಗಿಯಾಗಿರಬೇಕು. ಅದರ ಎರಡು ಬದಿಗಳಲ್ಲಿ ರಬ್ಬರಿನ ಆಯಿಲ್ ಸೀಲ್‌ಗಳಿವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವು ಒಣಗಿ ಬಿರಿಯುತ್ತವೆ. ಆಗ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣದಿಂದ ಎಂಜಿನ್ ಅತಿಯಾಗಿ ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಇದು ಇನ್ನೂ ಅಪಾಯಕರ.

ಮೊದಲ ಕೆಲಸ: ಕಾಗದಪತ್ರ

ಪಾನಾ ಹಿಡಿಯುವ ಮೊದಲು ಪೆಟ್ಟಿಗೆಯಲ್ಲಿರುವ ಕಾಗದ ಹುಡುಕಿರಿ. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಯನ್ನು ಗಾಡಿಯ ಮೇಲೆ ಒತ್ತಿರುವ ಸಂಖ್ಯೆಗಳೊಡನೆ ಹೋಲಿಸಿ ನೋಡಿರಿ. ಕಾಗದವಿಲ್ಲದ ಗಾಡಿಗೆ ಸಾವಿರಾರು ರೂಪಾಯಿ ಸುರಿದು ಕೊನೆಗೆ ರಸ್ತೆಗೆ ಇಳಿಸಲಾಗದಿದ್ದರೆ ಏನು ಪ್ರಯೋಜನ?

ಖಾಸಗಿ ಗಾಡಿಯ ನೋಂದಣಿಯು 15 ವರ್ಷಗಳವರೆಗೆ ಮಾತ್ರ ಊರ್ಜಿತ. ಬಳಿಕ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಡಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31ರಲ್ಲಿ ಅರ್ಜಿ ಕೊಡಬೇಕು. ಮರಣದ ಸುದ್ದಿಯನ್ನು 30 ದಿನಗಳೊಳಗೆ ತಿಳಿಸಿ, 3 ತಿಂಗಳೊಳಗೆ ಅರ್ಜಿ ಸಲ್ಲಿಸುವುದು ನಿಯಮ. ಅವಧಿ ಮೀರಿದ್ದರೆ ಸುಮ್ಮನೆ ಕೂರದೆ ಬಳ್ಳಾರಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಮೂರನೆಯವರ ವಿಮೆ ಇಲ್ಲದೆ ಯಾವ ಗಾಡಿಯನ್ನೂ ರಸ್ತೆಗೆ ತರಕೂಡದು.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗಾಗಿ ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ಹೊರಡಿಸಿತು. ಇಂತಹ ಗಾಡಿಗೆ 'ವಿಎ' ಅಕ್ಷರಗಳುಳ್ಳ ಸಂಖ್ಯೆ ಸಿಗುತ್ತದೆ. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಮಾಡಲಾಗಿದೆ. ಆದರೆ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ವಿಎ ಸಂಖ್ಯೆ ಪಡೆದ ಗಾಡಿಯನ್ನು ಪ್ರದರ್ಶನ, ಹಳೆಯ ಗಾಡಿಗಳ ಮೆರವಣಿಗೆ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಮುಂತಾದ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು. ನಿತ್ಯ ಬಳಕೆಗೆ ಅವಕಾಶವಿಲ್ಲ. ಹೊಲಕ್ಕೆ, ಸಂತೆಗೆ, ಬಳ್ಳಾರಿಯ ಮಾರುಕಟ್ಟೆಗೆ ಹೋಗಲು ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಲೇಸು.

ಕಿಕ್ ಹೊಡೆಯಬೇಡಿರಿ

ಕುರುಗೋಡು ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಕೇಳಿದರು: "ಸಾರ್, ನಮ್ಮಪ್ಪನ ಕಾಲದ ಗಾಡಿ. ನಿಂತು ಹದಿನೆಂಟು ವರ್ಷ ಆತು. ಪೆಟ್ರೋಲ್ ಹಾಕಿ ನಾಕು ಕಿಕ್ ಹೊಡುದ್ರೆ ಆಗಂಗಿಲ್ಲೇನು?"

"ಬೇನೆ ಬಿದ್ದು ಎದ್ದ ಎತ್ತನ್ನ ಅದೇ ದಿನ ನೇಗಿಲಿಗೆ ಹೂಡ್ತೀರೇನು ಯಜಮಾನ್ರೇ?" ಎಂದೆ. ಅವರು ನಕ್ಕು, "ಅದೂ ಖರೇನೇ" ಎಂದರು.

ಕಾರಣವಿಷ್ಟೇ. ನಿಂತ ಎಂಜಿನ್ನಿನೊಳಗೆ ತೇವ ಸೇರಿ, ಪಿಸ್ಟನ್ ರಿಂಗುಗಳಿಗೂ ಎರಕದ ಸಿಲಿಂಡರಿಗೂ ನಡುವೆ ತುಕ್ಕು ಕಟ್ಟಿರುತ್ತದೆ. ನೀರಾವರಿ ಭತ್ತದ ಗದ್ದೆಗಳ ನಡುವಿರುವ ಸಿರುಗುಪ್ಪ ಕಡೆಯ ಊರುಗಳಲ್ಲಿ ತೇವದ ಕಾಟ ಹೆಚ್ಚು. ಕುರುಗೋಡು ಕಡೆಯ ಒಣ ಎರೆಭೂಮಿಯಲ್ಲಿ ತೇವಕ್ಕಿಂತ ಧೂಳಿನ ಕಾಟ ಹೆಚ್ಚು. ಬಲವಂತದಿಂದ ತುಳಿದರೆ ರಿಂಗು ಮುರಿಯುತ್ತದೆ. ಮುರಿದ ಚೂರು ಸಿಲಿಂಡರನ್ನು ಗೀರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು.

ಆದುದರಿಂದ ಹೀಗೆ ಮಾಡಿರಿ:

1. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪ್ಲಗ್ಗಿನ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ. ಬಳಿಕ ಪ್ಲಗ್ ಬಿಚ್ಚಿರಿ.

2. ಆ ತೂತಿನ ಮೂಲಕ ಡೀಸೆಲ್ ಮತ್ತು ಎಂಜಿನ್ ಎಣ್ಣೆಯನ್ನು ಸಮವಾಗಿ ಬೆರೆಸಿ ಮೂರು ನಾಲ್ಕು ಚಮಚದಷ್ಟು ಹಾಕಿರಿ. ಶುದ್ಧ ಬಟ್ಟೆಯಿಂದ ತೂತು ಮುಚ್ಚಿ ಎರಡು ಮೂರು ದಿನ ಬಿಡಿರಿ.

3. ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿರಿ. ಕೂದಲೆಳೆಯಷ್ಟು ಸರಿದರೂ ಒಳ್ಳೆಯ ಲಕ್ಷಣ. ಮತ್ತೆ ಎಣ್ಣೆ ಹಾಕಿ ಮರುದಿನ ಅಲುಗಾಡಿಸಿರಿ.

4. ಒಂದು ವಾರದಲ್ಲಿ ಸಡಿಲವಾಗದಿದ್ದರೆ ಸಿಲಿಂಡರನ್ನು ಬಿಚ್ಚಲೇಬೇಕು. ಇದನ್ನು ಎರಡು ಹೊಡೆತದ ಗಾಡಿ ಬಲ್ಲ ಮೆಕ್ಯಾನಿಕ್ಕನಿಗೆ ಬಿಡತಕ್ಕದ್ದು. ಸುತ್ತಿಗೆಯಿಂದ ಪಿಸ್ಟನ್ನಿಗೆ ಹೊಡೆಯಕೂಡದು.

ಬಿಚ್ಚುವ ಪ್ರತಿ ಭಾಗವನ್ನೂ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿರಿ. ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿರಿ. ಸಿಲಿಂಡರ್ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ. ಪಿಸ್ಟನ್ನನ್ನು ಮೊದಲು ತಂದು, ಅದರ ಅಳತೆಗೆ ಸರಿಯಾಗಿ ಬೋರ್ ಮಾಡಿಸಬೇಕೇ ಹೊರತು, ಬೋರ್ ಮಾಡಿಸಿದ ಮೇಲೆ ಪಿಸ್ಟನ್ ಹುಡುಕುತ್ತ ಹೋಗಬಾರದು.

ಪೆಟ್ರೋಲ್ ಟ್ಯಾಂಕು

ಹಳೆಯ ಪೆಟ್ರೋಲ್ ಕೊಳೆತು ಅಂಟಿನಂತಾಗಿರುತ್ತದೆ. ಅದನ್ನು ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ, ಡಬ್ಬಿಗೆ ಇಳಿಸಿರಿ. ಕಾಲುವೆಗೆ, ಬಾವಿಯ ಬಳಿಗೆ, ಚರಂಡಿಗೆ ಚೆಲ್ಲಕೂಡದು.

ಒಳಗೆ ತುಕ್ಕಿದ್ದರೆ ಮೂವತ್ತು ನಲವತ್ತು ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಅರ್ಧ ಲೀಟರ್ ಡೀಸೆಲ್ ಸುರಿದು, ಟ್ಯಾಂಕನ್ನು ಎಲ್ಲ ಕಡೆಗೂ ಕುಲುಕಿರಿ. ಕೆಂಪು ನೀರು ಬರುವುದು ನಿಲ್ಲುವವರೆಗೆ ಡೀಸೆಲ್ ಬದಲಿಸುತ್ತ ಇರಿ. ಕೊನೆಗೆ ನಟ್ಟುಗಳನ್ನು ಎಣಿಸಿ ಹೊರತೆಗೆಯಿರಿ. ಲೆಕ್ಕ ತಪ್ಪಿದರೆ ಒಳಗೆ ಉಳಿದಿದೆ ಎಂದೇ ಅರ್ಥ. ಪೆಟ್ರೋಲ್ ಕಾಕನ್ನೂ ಅದರ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ಹಳೆಯ ರಬ್ಬರ್ ಪೈಪನ್ನು ಬಿಸಾಡಿ ಹೊಸದನ್ನು ಹಾಕಿರಿ.

ಎಚ್ಚರಿಕೆ: ಟ್ಯಾಂಕು ತೂತಾಗಿದ್ದರೆ ಖಾಲಿಯಾಗಿದೆ ಎಂದು ತಿಳಿದು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿರಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಒಳಗೆ ಉಳಿದ ಪೆಟ್ರೋಲಿನ ಆವಿಯು ಗಾಳಿಯೊಡನೆ ಬೆರೆತಿರುತ್ತದೆ. ಒಂದು ಕಿಡಿ ತಗುಲಿದರೆ ಬಾಂಬಿನಂತೆ ಸಿಡಿಯುತ್ತದೆ. ಆವಿಯನ್ನು ಪೂರ್ಣವಾಗಿ ತೆಗೆಯಲು ಬಲ್ಲ, ಈ ಕೆಲಸದಲ್ಲಿ ಪಳಗಿದವರಿಂದಲೇ ಬೆಸುಗೆ ಹಾಕಿಸಬೇಕು. ಕೈಕಾಲು ಕಳೆದುಕೊಂಡ ಮೇಲೆ ಗಾಡಿ ಓಡಿದರೇನು, ನಿಂತರೇನು?

ಕಾರ್ಬೊರೇಟರ್ ಮತ್ತು ಗಾಳಿಯ ದಾರಿ

ನಿಂತ ಗಾಡಿಯ ಗಾಳಿ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರಬಹುದು. ಸೈಲೆನ್ಸರಿನ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಮಾಡಿರಬಹುದು. ಇವನ್ನು ತೆಗೆಯದೆ ಎಷ್ಟು ತುಳಿದರೂ ಎಂಜಿನ್ ಹತ್ತದು.

ಕಾರ್ಬೊರೇಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಿರಿ. ಜೆಟ್ಟಿನ ಸಣ್ಣ ತೂತನ್ನು ಪಂಪಿನ ಗಾಳಿಯಿಂದ ಶುದ್ಧಮಾಡಿರಿ. ಸೂಜಿ, ತಂತಿ ತೂರಿಸಕೂಡದು. ತೂತು ದೊಡ್ಡದಾದರೆ ಪೆಟ್ರೋಲಿನ ಅಳತೆಯೇ ಕೆಡುತ್ತದೆ. ತೇಲುಬುರುಡೆಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡಿರಿ. ಒಳಗೆ ಪೆಟ್ರೋಲಿನ ಸದ್ದು ಕೇಳಿದರೆ ಅದು ತೂತಾಗಿದೆ, ಬದಲಿಸಬೇಕು. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ಗ್ಯಾಸ್ಕೆಟ್ ಹೊಸದಾಗಿರಲಿ.

ಗಾಳಿಯ ಶೋಧಕವಿಲ್ಲದೆ ಎಂಜಿನ್ ಓಡಿಸುವ ಅಭ್ಯಾಸ ಕೆಲವರಿಗಿದೆ. ನಮ್ಮ ಎರೆಮಣ್ಣಿನ ಧೂಳು ಎಣ್ಣೆಯೊಡನೆ ಸೇರಿದರೆ ಸಾಣೆಯ ಪುಡಿಯಂತೆ ಸಿಲಿಂಡರನ್ನು ಸವೆಸುತ್ತದೆ ಎಂಬುದನ್ನು ಮರೆಯಬಾರದು.

ಕಿಡಿ

ಹಳೆಯ ಜಾವಾ ಗಾಡಿಗೆ 6 ವೋಲ್ಟಿನ ಬ್ಯಾಟರಿ ಮತ್ತು ಡೈನಮೋ ಇವೆ. ಬ್ಯಾಟರಿ ಸತ್ತಿದ್ದರೆ ಹೊಸದನ್ನೇ ತರಬೇಕು. ತಪ್ಪಿ 12 ವೋಲ್ಟಿನದನ್ನು ಹಾಕಿದರೆ ಬಲ್ಬು, ಕಾಯಿಲ್ ಸುಟ್ಟುಹೋಗುತ್ತವೆ. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ನೋಡಿರಿ.

ಪಾಯಿಂಟುಗಳ ಮೇಲೆ ಕಿಲುಬು ಹತ್ತಿದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ, ಶುದ್ಧ ಬಟ್ಟೆಯಿಂದ ಒರೆಸಿರಿ. ಪೂರ್ತಿ ತೆರೆದಾಗ ಪಾಯಿಂಟುಗಳ ನಡುವಿನ ಅಂತರ ಸುಮಾರು 0.4 ಮಿ.ಮೀ., ಪ್ಲಗ್ಗಿನ ತುದಿಯ ಅಂತರ ಸುಮಾರು 0.6 ಮಿ.ಮೀ. ಇರಲಿ. ಈ ಅಳತೆಯನ್ನು ಕಣ್ಣಂದಾಜಿನಿಂದ ಮಾಡದೆ ಫೀಲರ್ ಗೇಜಿನಿಂದ ಮಾಡತಕ್ಕದ್ದು.

ಕಿಡಿ ಪರೀಕ್ಷಿಸುವಾಗ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಪ್ಲಗ್ಗಿನ ತೂತಿನಿಂದ ದೂರ ಇಡಿರಿ. ಹತ್ತಿರವಿಟ್ಟರೆ ತೂತಿನಿಂದ ಹೊಮ್ಮುವ ಆವಿಗೆ ಬೆಂಕಿ ತಗುಲಬಹುದು. ನೀಲಿ ಬಣ್ಣದ ಗಟ್ಟಿ ಕಿಡಿ ಒಳ್ಳೆಯದು. ಹಳದಿಯ ಬಡ ಕಿಡಿಯಾದರೆ ಕಂಡೆನ್ಸರ್ ಅಥವಾ ಕಾಯಿಲ್ ಸಂದೇಹಾಸ್ಪದ.

ಎಣ್ಣೆಯ ಲೆಕ್ಕ

ಈ ಪಾಠದ ಮುಖ್ಯಭಾಗವೇ ಇದು. ಹಳೆಯ ಜಾವಾ ಎಂಜಿನ್ನಿಗೆ 25 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ ಎಂಬುದು ರೂಢಿಯ ಲೆಕ್ಕ. ಹೊಸ ಪಿಸ್ಟನ್ ಹಾಕಿದಾಗ ಮೊದಮೊದಲು 20 ಭಾಗಕ್ಕೆ 1 ಭಾಗ.

1 ಲೀಟರ್ ಪೆಟ್ರೋಲಿಗೆ: ರೂಢಿಯಲ್ಲಿ 40 ಮಿ.ಲೀ., ಹೊಸ ಪಿಸ್ಟನ್ನಿಗೆ 50 ಮಿ.ಲೀ.
2 ಲೀಟರಿಗೆ: 80 ಮಿ.ಲೀ., 100 ಮಿ.ಲೀ.
5 ಲೀಟರಿಗೆ: 200 ಮಿ.ಲೀ., 250 ಮಿ.ಲೀ.

ಎಣ್ಣೆಯು 2ಟಿ ಎಂದು ಬರೆದಿರುವುದೇ ಆಗಿರಬೇಕು. ಪೆಟ್ರೋಲ್ ಮತ್ತು ಎಣ್ಣೆಯನ್ನು ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಬಳಿಕ ಟ್ಯಾಂಕಿಗೆ ಹಾಕಿರಿ. ಗೇರ್ ಪೆಟ್ಟಿಗೆಯ ಎಣ್ಣೆ ಬೇರೆ. ಹಳೆಯದನ್ನು ಇಳಿಸಿ ಹೊಸದನ್ನು ತುಂಬಲು ಮರೆಯಬೇಡಿರಿ.

ಈಗಿನ ಪೆಟ್ರೋಲಿನ ವಿಷಯವಾಗಿಯೂ ಒಂದು ಮಾತು. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಎಲ್ಲೆಡೆಯ ಬಂಕುಗಳಿಗೆ ಬಂದಿತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಅನುಕೂಲವಿದೆ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ಮಿಶ್ರಣವನ್ನು ಸ್ವಲ್ಪ ತೆಳುವಾಗಿಸುತ್ತದೆ. ಆದಕಾರಣ ಹಳೆಯ ಗಾಡಿಗೆ ಎಥನಾಲ್ ತಡೆಯುವ ಪೈಪು, ಸೀಲ್ ಹಾಕಿಸಿರಿ. ಬೇಕಾದಷ್ಟೇ ಪೆಟ್ರೋಲ್ ತನ್ನಿರಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿರಿ.

ಬ್ರೇಕು, ಟೈರು

ಓಡುವ ಗಾಡಿಗಿಂತ ನಿಲ್ಲುವ ಗಾಡಿ ಮುಖ್ಯ. ಎಂಜಿನ್ ಹತ್ತಿಸುವ ಮೊದಲೇ ಎರಡೂ ಚಕ್ರಗಳನ್ನು ಬಿಚ್ಚಿ ಬ್ರೇಕ್ ಲೈನರ್ ನೋಡಿರಿ. ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಕೇಬಲ್ಲುಗಳು ಹೊಸದಾಗಿರಲಿ. ಟೈರಿನ ಮೇಲಿನ ಗೆರೆ ಚೆನ್ನಾಗಿ ಕಂಡರೂ ಪಕ್ಕದಲ್ಲಿ ಬಿರುಕಿದ್ದರೆ ಅದು ಸತ್ತ ಟೈರು. ಹೊಸ ಟೈರು ಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ನೋಡಿರಿ. ಮೊದಲೆರಡು ತಯಾರಾದ ವಾರವನ್ನೂ, ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 1224 ಎಂದಿದ್ದರೆ 2024ನೆಯ ಇಸವಿಯ 12ನೆಯ ವಾರ.

ಎಂಜಿನ್ ಹತ್ತಿಸುವುದು

ಪ್ಲಗ್ ಬಿಚ್ಚಿದ ಸ್ಥಿತಿಯಲ್ಲೇ ಹತ್ತು ಹದಿನೈದು ಸಲ ಮೆಲ್ಲಗೆ ಕಿಕ್ ತುಳಿದು, ಒಳಗೆ ಹಾಕಿದ್ದ ಎಣ್ಣೆಯನ್ನು ಹೊರಹಾಕಿರಿ. ಮುಖವನ್ನು ದೂರವಿಡಿರಿ. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಎಂಬುದನ್ನು ಹೊಸಬರಿಗೆ ತಿಳಿಸಬೇಕು. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ ಲಿವರ್ ಆಗುತ್ತದೆ.

ಗಾಡಿಯನ್ನು ಬಯಲಿಗೆ ತನ್ನಿರಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ವಿಷಾನಿಲದಿಂದ ಜೀವಾಪಾಯವಿದೆ. ಪ್ಲಗ್ ಹಾಕಿ, ಪೆಟ್ರೋಲ್ ಬಿಟ್ಟು, ಎಲ್ಲಿಯೂ ಸೋರುವುದಿಲ್ಲವೆಂದು ಖಚಿತಮಾಡಿಕೊಂಡು ಕಿಕ್ ಹೊಡೆಯಿರಿ. ಹತ್ತಿದ ಕೂಡಲೇ ಜೋರಾಗಿ ರೊಯ್ಯೆನಿಸಬೇಡಿರಿ. ಮೊದಲು ಬರುವ ದಟ್ಟ ಹೊಗೆಗೆ ಹೆದರಬೇಕಾಗಿಲ್ಲ. ಹಾಕಿದ್ದ ಎಣ್ಣೆ ಉರಿದ ಮೇಲೆ ಕಡಿಮೆಯಾಗುತ್ತದೆ.

ಹೊಗೆ ನಿಲ್ಲದೆ, ಗೇರ್ ಪೆಟ್ಟಿಗೆಯ ಎಣ್ಣೆ ಇಳಿಯುತ್ತ ಹೋದರೆ ಕ್ಲಚ್ ಕಡೆಯ ಸೀಲ್ ಹೋಗಿದೆ ಎಂದು ತಿಳಿಯಿರಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ವೇಗ ಏರಿಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಎರಡರಲ್ಲಿ ಯಾವುದಾದರೂ ಕೂಡಲೇ ನಿಲ್ಲಿಸಿ ಸರಿಪಡಿಸಬೇಕು.

ಮೊದಲ 500 ಕಿಲೋಮೀಟರ್ ಮೆಲ್ಲಗೆ ಓಡಿಸಿರಿ. ಹಿಂದೆ ಮೂಟೆ ಹೇರಬೇಡಿರಿ. ಸಂಡೂರಿನ ಬೆಟ್ಟಗಳಂತಹ ದೀರ್ಘ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡಿರಿ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ. ನಡುನಡುವೆ ಆಕ್ಸಿಲರೇಟರನ್ನು ಸ್ವಲ್ಪ ತೆರೆದು ಎಂಜಿನ್ನಿಗೆ ಎಣ್ಣೆ ಮುಟ್ಟಿಸುತ್ತಿರಬೇಕು.

ಹೊಲದ ಯಂತ್ರಗಳಿಗೂ ಇದೇ ಪಾಠ

ನಮ್ಮ ಮನೆಯಲ್ಲಿ ಜಾವಾ ಇಲ್ಲ, ನಮಗೇಕೆ ಈ ಪಾಠ ಎನ್ನಬೇಡಿರಿ. ಬೆನ್ನಿಗೆ ಕಟ್ಟಿ ಔಷಧಿ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ ಇವುಗಳಲ್ಲಿ ಅನೇಕವು ಎರಡು ಹೊಡೆತದವೇ. ಎಂಜಿನ್ ಎಣ್ಣೆ ಹಾಕುವ ಪ್ರತ್ಯೇಕ ಮುಚ್ಚಳವಿದ್ದರೆ ಅದು ನಾಲ್ಕು ಹೊಡೆತದ್ದು. ಇಲ್ಲದಿದ್ದರೆ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. ಎಷ್ಟು ಬೆರೆಸಬೇಕೆಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ಹತ್ತಿಗೆ, ಮೆಣಸಿನ ಗಿಡಕ್ಕೆ ಕೀಟ ಬಿದ್ದ ವಾರದಲ್ಲೇ ಕೂಲಿಯಾಳು ಬರೀ ಪೆಟ್ರೋಲ್ ಹಾಕಿ ಸ್ಪ್ರೇಯರ್ ಕಚ್ಚಿಸಿಬಿಟ್ಟರೆ, ನಷ್ಟವು ಯಂತ್ರದ ಬೆಲೆಯಷ್ಟಕ್ಕೇ ನಿಲ್ಲುವುದಿಲ್ಲ, ಬೆಳೆಯೇ ಕೈಬಿಡುತ್ತದೆ. ಹಂಗಾಮು ಮುಗಿದ ಮೇಲೆ ಟ್ಯಾಂಕು ಖಾಲಿಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ಗಿನ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಒಣ ಜಾಗದಲ್ಲಿ ಇಡಿರಿ. ಇದಕ್ಕೆ ಕಾಲು ಗಂಟೆ ಸಾಕು.

ಯುವಕ ಮಂಡಲದಲ್ಲಿ ಚರ್ಚಿಸಲು ಪ್ರಶ್ನೆಗಳು

1. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಮೊದಲೇ ಕಿಕ್ ಹೊಡೆಯಬಾರದೇಕೆ?
2. 3 ಲೀಟರ್ ಪೆಟ್ರೋಲಿಗೆ ರೂಢಿಯ ಲೆಕ್ಕದಲ್ಲಿ ಎಷ್ಟು ಎಣ್ಣೆ ಬೆರೆಸಬೇಕು? (ಉತ್ತರ: 120 ಮಿ.ಲೀ.)
3. ಖಾಲಿ ಪೆಟ್ರೋಲ್ ಟ್ಯಾಂಕಿಗೆ ನೇರವಾಗಿ ವೆಲ್ಡಿಂಗ್ ಮಾಡಿಸಿದರೆ ಏನು ಅಪಾಯ?
4. ವಿಎ ಸಂಖ್ಯೆಯ ಗಾಡಿಯಲ್ಲಿ ದಿನವೂ ಹೊಲಕ್ಕೆ ಹೋಗಬಹುದೇ?
5. ನಿಮ್ಮ ಊರಿನಲ್ಲಿರುವ ಸ್ಪ್ರೇಯರುಗಳಲ್ಲಿ ಎಷ್ಟು ಎರಡು ಹೊಡೆತದವು, ಎಷ್ಟು ನಾಲ್ಕು ಹೊಡೆತದವು? ಪಟ್ಟಿ ಮಾಡಿರಿ.

— ಗ್ರಾಮಸೇವಕ